ಎರಡನೆಯ ಬೇಸಿನ ಕಡೆಗೆ ಓಡಿದ ಅಜ್ಜ

ಮಾರಿಟ್ ಕಂದಾ,

ನೀನು ನಿದ್ದೆ ಮಾಡಿಬಿಟ್ಟೆ! ಹುಟ್ಟಿ ಆರು ವಾರವಾಯಿತು, ಅಮ್ಮನಿಗೆ ಒಂದು ರಾತ್ರಿಯನ್ನೂ ನೆಟ್ಟಗೆ ಬಿಟ್ಟುಕೊಟ್ಟವಳಲ್ಲ. ಪಕ್ಕದ ಕೋಣೆಯಲ್ಲಿ ಬೆಕ್ಕು ಸೀನಿದರೂ ಎದ್ದು ಸೂರು ಹಾರಿಹೋಗುವಂತೆ ಅಳುವವಳು. ಅಂಥವಳು ನಿನ್ನೆ ಮಧ್ಯಾಹ್ನ ಇಡೀ ಸೋಲ್ಹೀಮ್ ಊರು ಬೆಂಚು ಹತ್ತಿ ಕುಣಿಯುತ್ತಿದ್ದಾಗ ನನ್ನ ಎದೆಗೆ ಕಟ್ಟಿದ ಬಟ್ಟೆಯೊಳಗೆ ಬಾಯಿ ತೆರೆದುಕೊಂಡು ಮಲಗಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂದೆ ನೀನು ಕೇಳಿದರೆ ಅಜ್ಜ "ಗೆದ್ವಿ" ಎಂದು ಒಂದೇ ಮಾತು ಹೇಳಿ ಹುಲ್ಲು ಕತ್ತರಿಸಲು ಹೋಗಿಬಿಡುತ್ತಾನೆ. ಅಜ್ಜಿ ಹೇಳುತ್ತಾಳೆ, ಆದರೆ ಅವಳ ಕಥೆಯಲ್ಲಿ ಅಜ್ಜ ಓಡಿದ ದೂರ ವರ್ಷ ವರ್ಷಕ್ಕೂ ಬೆಳೆಯುತ್ತ ಹೋಗುತ್ತದೆ. ಹಾಗಾಗಿ ನೆನಪು ಬಿಸಿಯಾಗಿರುವಾಗಲೇ ನಾನು ಬರೆದಿಡುತ್ತೇನೆ. ಭಾನುವಾರದ ಬೆಳಿಗ್ಗೆ, ಅಡುಗೆಮನೆಯ ಮೇಜು, ನೀನು ನನ್ನ ಎಡಗೈಯಲ್ಲಿ. ಬಲಗೈಯಲ್ಲಿ ಪೆನ್ನು.

ಒಂದು ವಿಷಯ ಮೊದಲೇ ತಿಳಿದಿರಲಿ. ಕಾಲೇಜು ತಂಡದ ಕೋಚ್ ಆಗಿ ಅಜ್ಜನಿಗೆ, ಅಂದರೆ ನನ್ನ ಅಪ್ಪನಿಗೆ, ಇದು ಕೊನೆಯ ವರ್ಷ. ಶರತ್ಕಾಲದಲ್ಲೇ ಕಾಲೇಜಿಗೆ ಹೇಳಿಬಿಟ್ಟಿದ್ದ, ಈ ಸಲದ ಬೇಸ್‌ಬಾಲ್ ಮುಗಿದ ದಿನ ತಾನೂ ಮುಗಿಸುತ್ತೇನೆ ಎಂದು. ಎಲ್ಲಿ ಸೋಲುತ್ತೇವೋ ಅಲ್ಲಿಗೆ ಮುಗಿಯಿತು. ನಿನ್ನೆ ನಮ್ಮ ಸುತ್ತಲಿನ ಸಣ್ಣ ಕಾಲೇಜುಗಳ ಒಕ್ಕೂಟದ ಫೈನಲ್. ಗೆದ್ದರೆ ಮುಂದಿನ ವಾರ ರಾಷ್ಟ್ರಮಟ್ಟದ ಪಂದ್ಯಕ್ಕೆ ಹೋಗಬಹುದು. ಸೋತರೆ ಅಜ್ಜ ಸಂಜೆಗೆ ಟೊಪ್ಪಿ ತೆಗೆದು ಮೊಳೆಗೆ ನೇತುಹಾಕಬೇಕು. ಇಷ್ಟು ವರ್ಷಗಳಲ್ಲಿ ಅವನು ಆ ಫೈನಲ್ ಒಂದು ಸಲವೂ ಗೆದ್ದಿರಲಿಲ್ಲ. ತಲುಪುವುದು, ಸೋಲುವುದು. ಅದೂ ಹೆಚ್ಚು ಸಲ ಒಂದೇ ಕಾಲೇಜಿಗೆ, ವೆಸ್ಟರ್ಬಿಗೆ. ವೆಸ್ಟರ್ಬಿಯ ಕೋಚ್ ಗ್ಯಾರಿ ಬ್ರಾಂಟ್ ಎಂಬ ದಪ್ಪ ಮನುಷ್ಯ ನಾನು ಚಿಕ್ಕವಳಿದ್ದಾಗಿನಿಂದ ನಮ್ಮ ಊಟದ ಮೇಜಿನ ಮಾತಿನಲ್ಲಿ ಹೊಟ್ಟೆನೋವಿನ ಹಾಗೆ ಬಂದುಹೋಗುತ್ತಿದ್ದ.

ಅಜ್ಜ ಕೋಚ್ ಆದದ್ದೇ ಒಂದು ತಮಾಷೆ. ಅವನು ಇದೇ ಕಾಲೇಜಿನಲ್ಲಿ ಓದಿ, ಇದೇ ತಂಡದಲ್ಲಿ ಆಡಿ, ಪದವಿ ಮುಗಿಸಿ ಹಂದಿ ಸಾಕಣೆಗೆ ಹೊರಟಿದ್ದನಂತೆ. ಆಗ ಇದ್ದ ಕೋಚ್ ಇದ್ದಕ್ಕಿದ್ದಂತೆ ವಿಮೆ ಮಾರಲು ಹೋಗಿಬಿಟ್ಟ. ಕಾಲೇಜಿನವರು ಅಜ್ಜನನ್ನು ಕರೆದು, "ಡ್ವೇನ್, ಈ ಒಂದು ವರ್ಷ ನೋಡ್ಕೋಪ್ಪ, ಅಷ್ಟರಲ್ಲಿ ಒಳ್ಳೆಯವರನ್ನ ಹುಡುಕ್ತೀವಿ" ಅಂದರಂತೆ. ಅವರು ಇನ್ನೂ ಹುಡುಕುತ್ತಿದ್ದಾರೆ. ಬಾಯ್ಲರ್ ಕೋಣೆಯ ಪಕ್ಕ ಅವನ ಆಫೀಸಿದೆ, ಬಾಗಿಲ ಮೇಲೆ "ತಾತ್ಕಾಲಿಕ ಕೋಚ್" ಎಂಬ ಹಲಗೆ ಇವತ್ತಿಗೂ ಇದೆ. ತೆಗೆಸು ಎಂದರೆ, "ಇರಲಿ ಬಿಡು, ಮೈಮರೆಯೋದು ತಪ್ಪುತ್ತೆ" ಅನ್ನುತ್ತಾನೆ.

ಸಣ್ಣ ಕಾಲೇಜಿನ ಕೋಚ್ ಎಂದರೆ ಏನು ಗೊತ್ತಾ? ಟಿ.ವಿ.ಯಲ್ಲಿ ಕಾಣುವ ಕೋಚ್‌ಗಳ ಹಾಗೆ ಕೈಕಟ್ಟಿಕೊಂಡು ನಿಂತರೆ ಆಗುವುದಿಲ್ಲ. ಹುಡುಗರನ್ನು ಬಸ್ಸಿನಲ್ಲಿ ಕೂರಿಸಿ ತಾನೇ ಓಡಿಸಬೇಕು. ಮೈದಾನದ ಹುಲ್ಲು ತಾನೇ ಕತ್ತರಿಸಬೇಕು, ಸುಣ್ಣದ ಗೆರೆ ತಾನೇ ಎಳೆಯಬೇಕು, ಏಪ್ರಿಲ್‌ನಲ್ಲಿ ಹಿಮ ಬಿದ್ದರೆ ಸಲಿಕೆ ಹಿಡಿಯಬೇಕು. ಆಟ ಮುಗಿದ ಮೇಲೆ ಸಮವಸ್ತ್ರಗಳ ಮೂಟೆ ನಮ್ಮ ಮನೆಯ ನೆಲಮಾಳಿಗೆಗೆ ಬರುತ್ತಿತ್ತು. ಕೆಂಪು ಮಣ್ಣು, ಬೆವರು, ಹುಡುಗರು ಆಟದ ನಡುವೆ ಅಗಿದು ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆ. ನನ್ನ ಬಾಲ್ಯದ ವಾಸನೆ ಅದೇ. ಅವುಗಳ ಜೊತೆಯಲ್ಲೇ ಒಗೆದು ನನ್ನ ಶಾಲೆಯ ಬಿಳಿ ಶರಟುಗಳೆಲ್ಲ ವಸಂತದಲ್ಲಿ ತುಸು ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು.

ಹುಡುಗರೂ ಅಷ್ಟೆ, ದೊಡ್ಡ ವಿಶ್ವವಿದ್ಯಾಲಯಗಳು ಬೇಡವೆಂದ ಹುಡುಗರು. ಒಬ್ಬ ಕುಳ್ಳ, ಒಬ್ಬ ನಿಧಾನ, ಒಬ್ಬನಿಗೆ ಒಂದು ಕಿವಿ ಕೇಳದು. ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವ ಪದ್ಧತಿ ಇಲ್ಲಿಲ್ಲ. ಆಡಬೇಕು ಅನ್ನಿಸಿದ್ದಕ್ಕೆ ಆಡುತ್ತಾರೆ. ಅಜ್ಜ ಅವರ ಮನೆಗಳಿಗೆ ಕಾರು ಓಡಿಸಿಕೊಂಡು ಹೋಗಿ, ಅವರ ಅಮ್ಮಂದಿರು ಮಾಡಿದ ಆಲೂಗಡ್ಡೆ ತಿಂದು, "ನಿಮ್ಮ ಮಗ ಚೆನ್ನಾಗಿ ಆಡ್ತಾನೆ ಅಂತ ನಾನು ಸುಳ್ಳು ಹೇಳಲ್ಲ ತಾಯಿ, ಆದ್ರೆ ಚೆನ್ನಾಗಿ ಆಡೋ ಹಾಗೆ ಮಾಡ್ತೀನಿ" ಎಂದು ಕರೆತರುತ್ತಿದ್ದ. ಈಗ ಅವರೆಲ್ಲ ಹಲ್ಲಿನ ಡಾಕ್ಟರು, ಶಾಲೆಯ ಮುಖ್ಯೋಪಾಧ್ಯಾಯರು, ಜೋಳದ ರೈತರು. ಭಾನುವಾರ ಫೋನ್ ಮಾಡುತ್ತಾರೆ. ಅಜ್ಜ "ಹೂಂ, ಹೂಂ" ಅನ್ನುತ್ತ ಗಂಟೆಗಟ್ಟಲೆ ಕೇಳುತ್ತಾನೆ.

ಒಮ್ಮೆ ಒಂದು ದೊಡ್ಡ ವಿಶ್ವವಿದ್ಯಾಲಯ ಅವನನ್ನು ಕರೆದಿತ್ತು. ನಾನಾಗ ಏಳನೆಯ ತರಗತಿಯಲ್ಲಿದ್ದೆ. ಹೋಗುವುದೇ ಆಯಿತೆಂದು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಬಿಟ್ಟಿದ್ದೆ. ಅಜ್ಜ ಹೋಗಿ ನೋಡಿ, ಸಂಜೆಗೇ ವಾಪಸು ಬಂದ. ಅಜ್ಜಿ ಬಾಗಿಲಲ್ಲೇ ಕೇಳಿದಳು, "ಏನಾಯ್ತು?" ಅಜ್ಜ ಬೂಟು ಬಿಚ್ಚುತ್ತ ಹೇಳಿದ, "ಅಲ್ಲಿ ಹುಲ್ಲು ಕತ್ತರಿಸೋಕೆ ಬೇರೆ ಜನ ಇದಾರೆ ಲೋಯಿಸ್. ನಾನೇನು ಮಾಡ್ಲಿ ಅಲ್ಲಿ?" ಅಜ್ಜಿ, "ಹಾಗಾದ್ರೆ ಮೊದಲು ನಮ್ಮ ಹಿತ್ತಲಲ್ಲಿ ಬೆಳೆದಿರೋದನ್ನ ಕತ್ತರಿಸು" ಅಂದಳು. ಅಷ್ಟೇ. ಮಾತು ಮುಗಿಯಿತು.

ಈಗ ನಿನ್ನೆಗೆ ಬರುತ್ತೇನೆ.

ನಿನ್ನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ನನಗೂ ನಿನ್ನ ಅಪ್ಪ ಜೋಯೆಲನಿಗೂ ಜಟಾಪಟಿ. ಬಿಸಿಲು, ಗಾಳಿ, ಜನ, ಸೊಳ್ಳೆ. ಎಲ್ಲಕ್ಕಿಂತ ಹೆಚ್ಚಾಗಿ ಅಡ್ಡಾದಿಡ್ಡಿ ಹಾರಿ ಬರುವ ಚೆಂಡುಗಳು. ನಾನು ಕೋಚಿನ ಮಗಳು, ಅಂಥ ಚೆಂಡು ಎಷ್ಟು ಗಟ್ಟಿ ಎಂದು ನನ್ನ ಹಲ್ಲಿಗೆ ಗೊತ್ತು. ಜೋಯೆಲ್ ಹೇಳಿದ, "ಲೇ ಬ್ರಿಟ್ಟಾ, ನೀನು ಇವತ್ತು ಹೋಗ್ದಿದ್ರೆ ಮುಂದೆ ನಲವತ್ತು ವರ್ಷ ನನ್ನ ತಲೆ ತಿಂತೀಯ. ಹೋಗು ಮಾರಾಯ್ತಿ." ಹೊರಟೆ. ಮೊದಲು ಮೈದಾನದ ಬಲಬದಿಯಲ್ಲಿ, ಮೊದಲನೆಯ ಬೇಸಿನ ಕಡೆ ಕೂತೆ, ಅಲ್ಲಿ ಚೆಂಡು ಬರುತ್ತದೆ ಎಂದು ಎದ್ದೆ. ಎಡಬದಿಗೆ, ಮೂರನೆಯ ಬೇಸಿನ ಕಡೆ ಹೋದೆ, ಬಿಸಿಲು. ಕಾರಿನೊಳಗೆ ಕೂತೆ, ಸೆಕೆ. ಕೊನೆಗೆ ಬ್ಯಾಟ್ ಹಿಡಿದವನ ಬೆನ್ನಿಗಿರುವ ತಂತಿಬಲೆಯ ಹಿಂದೆ ವೆಸ್ಟರ್ಬಿಯ ಅಭಿಮಾನಿಗಳ ನಡುವೆಯೇ ಜಾಗ ಸಿಕ್ಕಿತು. ನಿನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು, ಆಟ ನೋಡುವುದು, ಮತ್ತೆ ಉಸಿರು ನೋಡುವುದು. ಪಕ್ಕದ ಹೆಂಗಸು ಕನಿಕರದಿಂದ, "ಮೊದಲನೇದಾ?" ಅಂದಳು. ಆಟವೋ ಮಗುವೋ ತಿಳಿಯದೆ ಎರಡಕ್ಕೂ ಹೂಂ ಅಂದೆ.

ಹಾಟ್‌ಡಾಗ್ ಅಂಗಡಿಯಲ್ಲಿ ಅಜ್ಜಿ. ಪ್ರತಿ ಪಂದ್ಯಕ್ಕೂ ಅವಳದೇ ಅಂಗಡಿ, ಅವಳದೇ ದರ್ಬಾರು. ಎಳೆಯ ಅಂಪೈರೊಬ್ಬ ಕಾಫಿಗೆ ಬಂದಾಗ, "ಕಣ್ಣಿಗೆ ಒಳ್ಳೇದು, ಕ್ಯಾರೆಟ್ ಕೊಡ್ಲಾ?" ಎಂದು ಕೇಳಿದವಳು.

ಆಟ ನಿನಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ. ಬ್ಯಾಟ್ ಹಿಡಿದವನು ಚೆಂಡು ಹೊಡೆದು ಓಡಬೇಕು. ಚೌಕದ ಮೂಲೆಗಳಲ್ಲಿ ದಿಂಬಿನಂಥ ಮೂರು ಬಿಳಿ ಬೇಸ್‌ಗಳಿರುತ್ತವೆ. ಒಂದೊಂದನ್ನೂ ಮುಟ್ಟುತ್ತ ಸುತ್ತಿ ಹೊರಟ ಜಾಗಕ್ಕೆ ಬಂದರೆ ಒಂದು ರನ್. ಒಂದು ಬೇಸಿನಲ್ಲಿ ಇಬ್ಬರು ನಿಲ್ಲುವಂತಿಲ್ಲ. ಹಿಂದಿನಿಂದ ಒಬ್ಬ ಓಡಿ ಬಂದರೆ ಅಲ್ಲಿದ್ದವನು ಜಾಗ ಬಿಟ್ಟು ಮುಂದಿನ ಬೇಸನ್ನು ಮುಟ್ಟಲೇಬೇಕು. ಅವನು ಮುಟ್ಟುವ ಮೊದಲು ಎದುರಾಳಿಗಳು ಚೆಂಡು ಹಿಡಿದು ಆ ಬೇಸನ್ನು ಮೆಟ್ಟಿದರೆ ಅವನು ಔಟ್. ಅದು ಸರದಿಯನ್ನೇ ಮುಗಿಸುವ ಮೂರನೆಯ ಔಟ್ ಆಗಿದ್ದರಂತೂ ಆ ಹೊಡೆತಕ್ಕೆ ಬಂದ ರನ್ನೂ ಅಳಿಸಿಹೋಗುತ್ತದೆ. ಬರಲೇ ಇಲ್ಲ ಎನ್ನುವ ಹಾಗೆ. ಇನ್ನೊಂದು ನಿಯಮ: ಓಡುವವನಿಗೆ ಕೋಚ್ ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಕೈಯಿಂದ ಹಿಡಿದು ನೂಕುವಂತಿಲ್ಲ, ಎಳೆಯುವಂತಿಲ್ಲ. ಹಾಗೆ ಮಾಡಿದರೆ ಅಲ್ಲೇ ಔಟ್.

ಕೊನೆಯ ಸರದಿ. ಎರಡೂ ಕಡೆ ಸಮ ಸಮ. ನಮ್ಮವರದು ಬ್ಯಾಟಿಂಗ್, ಆಗಲೇ ಇಬ್ಬರು ಔಟ್. ಮೂರನೆಯ ಬೇಸಿನಲ್ಲಿ ಒಬ್ಬ ಓಡಲು ತಯಾರಾಗಿ ನಿಂತಿದ್ದಾನೆ. ಮೊದಲ ಬೇಸಿನಲ್ಲಿ ಟಕ್ಕರ್ ನೀಮನ್ ಎಂಬ ಕೆಂಪುಗೂದಲಿನ ಹುಡುಗ. ಹೊಡೆಯಲು ಬಂದವನು ಎಫ್ರೇನ್, ಟೆಕ್ಸಸ್ಸಿನ ದಕ್ಷಿಣ ತುದಿಯವನು, ಮೊದಲ ಚಳಿಗಾಲವಿಡೀ ಎರಡು ಕೋಟು ಹಾಕಿಕೊಂಡು ಮಲಗಿದವನು. ಅಜ್ಜ ಮೂರನೆಯ ಬೇಸಿನ ಪಕ್ಕ ತನ್ನ ಜಾಗದಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತ ನಿಂತಿದ್ದ. ಆ ಮೊಣಕಾಲು ಹಾಳಾಗಿ ಬಹಳ ಕಾಲವಾಯಿತು. ಅವನು ನಡೆದರೆ ಎಣ್ಣೆ ಕಾಣದ ಬಾಗಿಲ ಹಾಗೆ ಕಿರ್ರೆನ್ನುತ್ತದೆ.

ಠಪ್!

ಎಫ್ರೇನ್ ಹೊಡೆದ ಚೆಂಡು ಎಲ್ಲರ ತಲೆ ದಾಟಿ ಹೊರಮೈದಾನದ ಹುಲ್ಲಿನಲ್ಲಿ ಬಿದ್ದು ಬೇಲಿಯತ್ತ ಉರುಳಿತು. ಮೂರನೆಯ ಬೇಸಿನವನು ಓಡಿ ಬಂದ. ರನ್! ಗೆದ್ದೆವು! ಎಫ್ರೇನ್ ಮೊದಲ ಬೇಸನ್ನು ಮುಟ್ಟಿದ್ದೇ ತಡ, ಇಡೀ ತಂಡ ಓಡಿಬಂದು ಅವನ ಮೇಲೆ ಬಿತ್ತು. ನಾನು ಅಳುತ್ತಿದ್ದೆ. ಅಂಗಡಿಯಿಂದ ಅಜ್ಜಿಯ ಕೈಯ ಇಕ್ಕಳ ಆಕಾಶಕ್ಕೆ ಹಾರಿತು. ವೆಸ್ಟರ್ಬಿಯ ಹೊರಮೈದಾನದ ಹುಡುಗ ಚೆಂಡಿನ ಹಿಂದೆಯೂ ಹೋಗದೆ ಮಂಡಿಯೂರಿ ಮುಖ ಮುಚ್ಚಿಕೊಂಡ.

ಆಗ ಅಜ್ಜ ಓಡತೊಡಗಿದ.

ಏನೆಂದು ಯಾರಿಗೂ ಅರ್ಥವಾಗಲಿಲ್ಲ. ಅವನ ಸಹಾಯಕ ರಸ್ ತಬ್ಬಿಕೊಳ್ಳಲು ಬಂದಿದ್ದ, ಅವನನ್ನು ಪಕ್ಕಕ್ಕೆ ತಳ್ಳಿ ಮೈದಾನದ ನಡುವೆ ಕುಂಟುತ್ತ ಓಡುತ್ತಿದ್ದಾನೆ. ಹೃದಯಕ್ಕೆ ಏನೋ ಆಗಿ ಬುದ್ಧಿ ಕೆಟ್ಟಿತೆಂದೇ ನಾನು ತಿಳಿದೆ. ವೆಸ್ಟರ್ಬಿಯವನೊಬ್ಬ ಕೂಗಿದ, "ಏ ಕೋಚ್, ಸೊಂಟ ಹುಷಾರು!" ಅಂಗಡಿಯ ಕಿಟಕಿಯಿಂದ ಅಜ್ಜಿ, "ಏನಾಗಿದೆ ನಿಂಗೆ? ನಿಂತ್ಕೋ, ಬಿದ್ದು ಸಾಯ್ತೀಯ!" ಎಂದು ಕಿರುಚಿದಳು.

ಅಜ್ಜ ನೋಡಿದ್ದು ಅಂಪೈರನ್ನು. ಆಟ ಮುಗಿದ ಕೂಡಲೇ ಅಂಪೈರುಗಳು ತಿರುಗಿ ನೋಡದೆ ಕಾರಿನತ್ತ ನಡೆದುಬಿಡುತ್ತಾರೆ, ಅದು ಅವರ ಪದ್ಧತಿ, ಸೋತವರ ಬಾಯಿಗೆ ಸಿಗಬಾರದಲ್ಲ. ಆದರೆ ಈ ಅಂಪೈರ್ ಹೋಗಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಎರಡನೆಯ ಬೇಸಿನ ಪಕ್ಕ ಸುಮ್ಮನೆ ನಿಂತಿದ್ದ. ಅವನು ಏನನ್ನೂ ಹೇಳುವಂತಿಲ್ಲ. ಕಾಯುತ್ತಿದ್ದ. ಯಾಕೆ ಕಾಯುತ್ತಿದ್ದಾನೆ? ಅಜ್ಜ ತಿರುಗಿ ನೋಡಿದರೆ, ಎರಡನೆಯ ಬೇಸಿಗೆ ಓಡಬೇಕಾಗಿದ್ದ ಟಕ್ಕರ್, ಅರ್ಧದಾರಿಯಲ್ಲೇ ತಿರುಗಿ, ಎಫ್ರೇನ್‌ನನ್ನು ತಬ್ಬಿಕೊಂಡವರ ರಾಶಿಯ ತುತ್ತತುದಿಯಲ್ಲಿ ಕೂತಿದ್ದಾನೆ! ಬೇಸ್ ಮುಟ್ಟಿಯೇ ಇಲ್ಲ. ರನ್ ಇನ್ನೂ ನಮ್ಮದಲ್ಲ. ಅಜ್ಜನ ಮೂವತ್ತು ಚಿಲ್ಲರೆ ವರ್ಷ ಆ ಹುಡುಗನ ಒಂದು ಕಾಲಿನ ತುದಿಯಲ್ಲಿ ನೇತಾಡುತ್ತಿದೆ.

ಅಷ್ಟರಲ್ಲಿ ಗ್ಯಾರಿ ಬ್ರಾಂಟನಿಗೂ ಹೊಳೆಯಿತು. ಅವನ ಕಂಚಿನ ಕಂಠ ಮೈದಾನವನ್ನು ಸೀಳಿತು, "ಚೆಂಡು! ಅಳೋದು ಆಮೇಲೆ, ಚೆಂಡು ಎತ್ಕೊಳ್ರೋ! ಎರಡನೇ ಬೇಸಿಗೆ ಎಸೀರಿ!" ಬೇರೊಬ್ಬ ಹುಡುಗ ಬೇಲಿಯ ಕಡೆಗೆ ಬಾಣದಂತೆ ಹೋದ.

ಅಜ್ಜ ಕೂಗುತ್ತಿದ್ದ. "ಟಕ್ಕರ್! ಬೇಸ್! ಬೇಸ್!" ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಟಕ್ಕರನಿಗೆ ಕಂಡದ್ದು ಇಷ್ಟೇ: ನಾಲ್ಕು ವರ್ಷ ಒಂದು ಸಲವೂ ಬೆನ್ನು ತಟ್ಟದ ಕೋಚ್ ತನ್ನ ಕಡೆಗೇ ಓಡಿಬರುತ್ತಿದ್ದಾನೆ. ಪಾಪ, ಅವನ ಮುಖ ಅರಳಿತು. ರಾಶಿಯಿಂದ ಜಿಗಿದ, ಎರಡೂ ತೋಳು ಚಾಚಿದ, ಅಜ್ಜನನ್ನು ತಬ್ಬಿಕೊಳ್ಳಲು ಓಡಿಬಂದ.

ಅಜ್ಜ ಗಕ್ಕನೆ ನಿಂತ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮುಟ್ಟಿದರೆ ಕೆಟ್ಟಿತು, ಕೋಚ್ ಹುಡುಗನನ್ನು ಎಳೆದ ಎಂದು ಅಂಪೈರ್ ಹೇಳಿದರೆ ಮುಗಿಯಿತು. "ನನ್ನ ಮುಟ್ಬೇಡ ಕಣೋ! ನನ್ನನ್ನಲ್ಲ! ದೂರ ಇರು!" ಎನ್ನುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟ. ಟಕ್ಕರ್ ನಗುತ್ತ ಇನ್ನೂ ಹತ್ತಿರ ಬಂದ, "ಇವತ್ತೊಂದಿನ ನಾಚ್ಕೋಬೇಡಿ ಕೋಚ್!" ಎಂದು. ಮಗಳೇ, ಆಗ ನಿನ್ನ ಅಜ್ಜನಿಗೆ ಏನು ಹೊಳೆಯಿತೋ, ಹಿಂತಿರುಗಿದವನೇ ಎರಡನೆಯ ಬೇಸಿನ ಕಡೆಗೆ ಓಟ ಕಿತ್ತ! ಕೈ ಬೆನ್ನ ಹಿಂದೆ, ಟೊಪ್ಪಿ ನೆಲಕ್ಕೆ, ಹಾಳು ಮೊಣಕಾಲು ಒಂದು ದಿಕ್ಕಿಗೆ, ಅವನು ಒಂದು ದಿಕ್ಕಿಗೆ. ಹಿಂದೆ ತೋಳು ಚಾಚಿಕೊಂಡು ಟಕ್ಕರ್. ಮೇಲೆ ಆಕಾಶದಲ್ಲಿ ಬಿಳಿಯ ಚೆಂಡು, ಬೇಲಿಯಿಂದ ಹೊರಟದ್ದು.

ಈಗ ಇಡೀ ಮೈದಾನಕ್ಕೆ ಅರ್ಥವಾಗಿತ್ತು. ನನ್ನ ಪಕ್ಕದ ವೆಸ್ಟರ್ಬಿಯ ಹೆಂಗಸು ಎದ್ದು "ಎಸಿ! ಎಸಿ!" ಎನ್ನುತ್ತಿದ್ದಳು, ನಾನು ಅವಳ ಕಿವಿಯಲ್ಲೇ "ಮುಟ್ಟು! ಮುಟ್ಟೋ ಪೆದ್ದೇ!" ಎನ್ನುತ್ತಿದ್ದೆ, ಅಜ್ಜಿ ಅಂಗಡಿಯ ಕಟ್ಟೆ ಹತ್ತಿ, "ಓಡು ಡ್ವೇನ್! ಮದುವೆ ದಿನಾನೂ ಇಷ್ಟು ಅವಸರ ಮಾಡಿರ್ಲಿಲ್ಲ, ಓಡು!" ಎನ್ನುತ್ತಿದ್ದಳು. ಕಂದಾ, ಆ ಹೊತ್ತಿನಲ್ಲಿ ನಾನು ನಿನ್ನ ಉಸಿರು ನೋಡಲಿಲ್ಲ. ನೀನು ಹುಟ್ಟಿದ ಮೇಲೆ ಮೊದಲ ಸಲ, ನೋಡಬೇಕೆಂಬುದೇ ನೆನಪಾಗಲಿಲ್ಲ. ನನ್ನ ಎದೆ ಧಡಧಡನೆ ಬಡಿದುಕೊಳ್ಳುತ್ತಿತ್ತು, ಅದರ ಮೇಲೆ ನೀನು ದೋಣಿಯಲ್ಲಿ ಮಲಗಿದವಳ ಹಾಗೆ ಏರುತ್ತ ಇಳಿಯುತ್ತ ಇದ್ದೆ.

ಬೇಸಿನ ಹತ್ತಿರ ವೆಸ್ಟರ್ಬಿಯ ಹುಡುಗ ಚೆಂಡಿಗಾಗಿ ಕೈಗವಸು ಎತ್ತಿ ನಿಂತಿದ್ದ. ಅವನಿಗೆ ಅಡ್ಡವಾದರೂ ತಪ್ಪು. ಅಜ್ಜ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದ. ಹಾರಿದ ಎನ್ನುವುದು ಅಜ್ಜಿಯ ಮಾತು. ಬಿದ್ದ ಎನ್ನುವುದು ಸತ್ಯ. ಅವನು ಬಿದ್ದದ್ದೇ ಟಕ್ಕರನ ಎದುರು ಖಾಲಿ ಜಾಗ, ಆ ಖಾಲಿ ಜಾಗದಲ್ಲಿ ಬಿಳಿಯ ಬೇಸ್. ಹುಡುಗನ ಮುಖದಿಂದ ನಗು ಹಾರಿಹೋದದ್ದು ನನಗೆ ತಂತಿಬಲೆಯಿಂದಲೇ ಕಂಡಿತು. ಮುಂದಕ್ಕೆ ಧುಮುಕಿದ. ಧೂಳು. ಕೈಗವಸಿಗೆ ಚೆಂಡು ಬಡಿದ ಸದ್ದು.

ಅಂಪೈರ್ ಬಗ್ಗಿ ನೋಡಿದ. ಧೂಳು ಇಳಿಯುವವರೆಗೂ ನೋಡಿದ. ಟಕ್ಕರನ ಬೆರಳುಗಳು ಬೇಸಿನ ಅಂಚನ್ನು ಕಚ್ಚಿ ಹಿಡಿದಿದ್ದವು. ಅಂಪೈರ್ ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದ. ಔಟ್ ಅಲ್ಲ! ಆಮೇಲೆ ಟೊಪ್ಪಿ ತೆಗೆದು ಬೆವರು ಒರೆಸಿಕೊಂಡು, ಹಿಂದೆ ನೋಡದೆ ಕಾರಿನತ್ತ ನಡೆದ.

ಆ ಕೂಗನ್ನು ನಾನು ಬರೆಯಲಾರೆ. ನೀನು ಒಂದು ಸಲ ತುಟಿ ಚಪ್ಪರಿಸಿದೆ, ಅಷ್ಟೇ.

ಅಜ್ಜ ಏಳಲಿಲ್ಲ. ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲು ಬಾಗುತ್ತಿರಲಿಲ್ಲ. ನಾನು ನಿನ್ನ ತಲೆಯನ್ನು ಹಿಡಿದುಕೊಂಡು ಓಡಿಹೋದೆ. ಟಕ್ಕರ್ ಅವನ ಪಕ್ಕ ಮಂಡಿಯೂರಿ ಬಿಕ್ಕುತ್ತಿದ್ದ, "ಕ್ಷಮಿಸಿ ಕೋಚ್, ನಾನು, ನೀವು ನನ್ನ ಕಡೆ ಬರ್ತಾ ಇದೀರಿ ಅಂತ..." ಅಜ್ಜ ಏದುಸಿರು ಬಿಡುತ್ತ ಅವನ ಕೆಂಪು ತಲೆಯ ಮೇಲೆ ಕೈಯಿಟ್ಟು ಹೇಳಿದ, "ನಿನ್ನ ಕಡೆಗೇ ಬರ್ತಾ ಇದ್ದೆ ಕಣೋ ಕತ್ತೆ."

ಕಪ್ಪನ್ನು ಕೊಡಲು ಅಧಿಕಾರಿಗಳು ಅಲ್ಲಿಗೇ ಬರಬೇಕಾಯಿತು. ಅಜ್ಜಿ ಅಂಗಡಿಯ ಮಂಜುಗಡ್ಡೆಯನ್ನು ಏಪ್ರನ್‌ನಲ್ಲಿ ಕಟ್ಟಿ ತಂದು ಮೊಣಕಾಲಿಗೆ ಒತ್ತಿದಳು, ಬೈಯುತ್ತ, ಅಳುತ್ತ. ಗ್ಯಾರಿ ಬ್ರಾಂಟ್ ನಿಧಾನವಾಗಿ ನಡೆದು ಬಂದ. ಅಜ್ಜನ ಟೊಪ್ಪಿಯನ್ನು ದಾರಿಯಲ್ಲಿ ಎತ್ತಿಕೊಂಡು ಧೂಳು ಕೊಡವುತ್ತಿದ್ದ. ಎದುರು ನಿಂತು ಹೇಳಿದ, "ಅಲ್ಲಯ್ಯ ಡ್ವೇನ್, ಇಷ್ಟು ವರ್ಷ ಕೋಚ್ ಆಗಿದ್ದೀಯ, ಹುಡುಗರಿಗೆ ಬೇಸ್ ಮುಟ್ಟೋದೂ ಕಲಿಸಿಲ್ಲವೇನಯ್ಯ?"

ಅಜ್ಜ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಅಂಥ ನಗೆಯನ್ನು ನಾನು ಈವರೆಗೆ ಕಂಡಿರಲಿಲ್ಲ, ನನ್ನ ಮದುವೆಯಲ್ಲೂ ಇಲ್ಲ, ನೀನು ಹುಟ್ಟಿದ ದಿನವೂ ಇಲ್ಲ, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ. "ಕಲಿಸ್ತಾ ಇದೀನಿ ಮಾರಾಯ," ಅಂದ. "ಇನ್ನೂ ಒಂದು ವಾರ ಸಿಕ್ತಲ್ಲ."

ಮುಂದಿನ ವಾರ ಸೋಲಬಹುದು. ಅಲ್ಲಿಗೆ ಬರುವ ತಂಡಗಳ ಹುಡುಗರು ಮನೆ ಬಾಗಿಲಿನಷ್ಟು ಅಗಲ ಇರುತ್ತಾರಂತೆ. ಇರಲಿ. ನಾಳೆ ಮಧ್ಯಾಹ್ನ ಅಭ್ಯಾಸವಿದೆ, ಅಜ್ಜ ಊರುಗೋಲು ಹಿಡಿದೇ ಹೋಗುತ್ತಾನೆ, ನಾನೂ ನಿನ್ನನ್ನು ಕಟ್ಟಿಕೊಂಡು ಹೋಗುತ್ತೇನೆ. ಯಾವ ಕಡೆ ಕೂರಬೇಕೆಂದು ಇನ್ನೂ ಯೋಚಿಸಿಲ್ಲ.

ನಿನಗೊಂದು ಹಾರೈಕೆ, ಮಗಳೇ. ಮಾಡುವ ಕೆಲಸವನ್ನೇ ಮರೆತು ಯಾರನ್ನೋ ತಬ್ಬಿಕೊಳ್ಳಲು ಓಡುವಷ್ಟು ದೊಡ್ಡ ಖುಷಿ ನಿನಗೆ ಬರಲಿ. ಹಾಗೆ ಮರೆತಾಗ, ಇಡೀ ಊರು ಕುಣಿಯುತ್ತಿದ್ದರೂ, ಹಾಳು ಮೊಣಕಾಲಿನಲ್ಲೇ ಓಡಿ ಬಂದು ನಿನಗೆ ಕೂಗಿ ಹೇಳುವವರೊಬ್ಬರು ಇರಲಿ.

ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿರುವ,
ನಿನ್ನ ಅಮ್ಮ
ಬ್ರಿಟ್ಟಾ